ನಮ್ಮ ಜರ್ನಲ್ ಗೂಗಲ್ ಸ್ಕಾಲರ್‌ನಲ್ಲಿ ಯಾಕೆ ಸಿಗುವುದಿಲ್ಲ?

ಬೀಳಗಿ ಕಡೆಯ ಹುಡುಗಿಯೊಬ್ಬಳು ಪಿಎಚ್‌ಡಿಗೆ ಸೇರಿದ್ದಾಳೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಹಾಡು, ಜಾತ್ರೆ, ದೇವರುಗಳ ಬಗ್ಗೆ ಅವಳ ಕೆಲಸ. ಒಂದು ಮಧ್ಯಾಹ್ನ ಬಾಗಲಕೋಟೆ ನವನಗರದ ನಮ್ಮ ಸ್ಟಾಫ್ ರೂಮಿಗೆ ಬಂದು, "ಸರ್ರ, ಇದರ ಮ್ಯಾಲ ಕನ್ನಡದಾಗ ಯಾರೂ ಬರದಿಲ್ಲ ಕಾಣತೈತ್ರಿ. ಸ್ಕಾಲರ್‌ನ್ಯಾಗ ಎಷ್ಟ್ ಹುಡುಕಿದ್ರೂ ಒಂದೂ ಬರವಲ್ದು" ಎಂದಳು. ಸ್ಕಾಲರ್ ಅಂದರೆ ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸೇವೆ. ನಾನು ಎದ್ದು ಕಪಾಟಿನಿಂದ ನಮ್ಮ ಕಾಲೇಜಿನದೇ ಸಂಶೋಧನಾ ಜರ್ನಲಿನ 2011ರ ಸಂಚಿಕೆ ತೆಗೆದು ಕೊಟ್ಟೆ. ಅದರಲ್ಲಿ ಇದೇ ವಿಷಯದ ಮೇಲೆ ಹದಿನಾಲ್ಕು ಪುಟದ ಲೇಖನವಿತ್ತು. ಅದರ ಪಿಡಿಎಫ್ ನಮ್ಮ ವೆಬ್‌ಸೈಟಿನಲ್ಲೂ ಇದೆ, ಇವತ್ತು ನಿನ್ನೆಯದಲ್ಲ, ಆರು ವರ್ಷದಿಂದ ಇದೆ. ಅವಳು ಅಲ್ಲೇ ನಿಂತು ಫೋನಿನಲ್ಲಿ ಲೇಖನದ ತಲೆಬರಹ ಪೂರ್ತಿ ಹೊಡೆದು ನನ್ನ ಮುಂದೆ ಹಿಡಿದಳು. ಏನೂ ಬರಲಿಲ್ಲ.

ಆ ಜರ್ನಲಿನ ಸಂಪಾದಕ ಮಂಡಳಿಯಲ್ಲಿ ನಾನೂ ಒಬ್ಬ. ಹಿನ್ನೀರಿನಲ್ಲಿ ಮುಳುಗಿದ ಊರಿನ ಬಗ್ಗೆ ಬರೆದ ಲೇಖನ ನಮ್ಮ ಕೈಯಲ್ಲೇ ಮತ್ತೊಮ್ಮೆ ಮುಳುಗಿದೆಯಲ್ಲ ಅಂತ ನಾಚಿಕೆಯಾಯಿತು. ಅವತ್ತಿನಿಂದ ಈ ಹುಡುಕುವ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ, ಜರ್ನಲ್ ಹೊರತರುವವರ ಬದುಕನ್ನು ಏನು ಮಾಡಿವೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೇನೆ.

ಮೊದಲು ಹೇಗಿತ್ತು ನೋಡಿ. ಜರ್ನಲ್ ಅಂದರೆ ಒಂದು ಕಟ್ಟು. ಲೈಬ್ರರಿ ಚಂದಾ ಕಟ್ಟುತ್ತಿತ್ತು, ಅಂಚೆಯಲ್ಲಿ ಸಂಚಿಕೆ ಬರುತ್ತಿತ್ತು, ಓದುವವನು ಅದನ್ನು ತಿರುವಿ ಹಾಕುವಾಗ ತನಗೆ ಬೇಕಾದದ್ದರ ಜೊತೆ ಬೇಡವಾದದ್ದೂ ಕಣ್ಣಿಗೆ ಬೀಳುತ್ತಿತ್ತು. ಹೊರತರುವವನ ಕಷ್ಟವೆಲ್ಲ ಅಚ್ಚು, ಕಾಗದ, ಅಂಚೆ. ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ವಚನಗಳನ್ನು ಅಚ್ಚು ಹಾಕಿಸಲು ಇದ್ದ ಮನೆ ಮಾರಿ ಪ್ರೆಸ್ ಕಟ್ಟಿದವರು ಅವರು. ಅಂದಿನ ಲೆಕ್ಕದಲ್ಲಿ ಪ್ರೆಸ್ ಇದ್ದವನ ಕೈಯಲ್ಲಿ ಎಲ್ಲವೂ ಇತ್ತು. ಅಚ್ಚಾಗಿ ಹೊರಗೆ ಬಂದರೆ ಇವತ್ತಲ್ಲ ನಾಳೆ ಯಾರಾದರೂ ಓದುತ್ತಾರೆ ಅನ್ನುವ ಧೈರ್ಯವೂ ಇತ್ತು.

ಆ ಧೈರ್ಯ ಈಗ ಇಲ್ಲ. ಯಾರೂ ಜರ್ನಲ್ ಓದಲು ಬರುವುದಿಲ್ಲ, ಲೇಖನ ಹುಡುಕಲು ಬರುತ್ತಾರೆ. ಅದೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಒಂದು ಖಾಲಿ ಪೆಟ್ಟಿಗೆಯಲ್ಲಿ ಮೂರು ಪದ ಹೊಡೆಯುತ್ತಾರೆ, ಮೊದಲ ಪುಟದಲ್ಲಿ ಬಂದ ಹತ್ತರಲ್ಲಿ ಮೂರನ್ನೋ ನಾಲ್ಕನ್ನೋ ತೆರೆಯುತ್ತಾರೆ, ಅಷ್ಟೇ. ಸಂಚಿಕೆ ಯಾವುದು, ಸಂಪಾದಕರು ಯಾರು, ಪಕ್ಕದ ಲೇಖನ ಯಾವುದು ಅಂತ ಯಾರಿಗೂ ಬೇಕಾಗಿಲ್ಲ. ಗೊನೆ ಮಾರುತ್ತಿದ್ದವನಿಗೆ ಗಿರಾಕಿ ಒಂದೊಂದೇ ಬಾಳೆಹಣ್ಣು ಕೇಳಿದ ಹಾಗಾಗಿದೆ.

ಗೂಗಲ್ ಸ್ಕಾಲರ್ ಬಂದದ್ದು 2004ರ ನವೆಂಬರ್‌ನಲ್ಲಿ. ಅದನ್ನು ಕಟ್ಟಿದ ಇಬ್ಬರಲ್ಲಿ ಅನುರಾಗ್ ಆಚಾರ್ಯ ಖರಗ್‌ಪುರ ಐಐಟಿಯಲ್ಲಿ ಓದಿದವರು, ಇನ್ನೊಬ್ಬರು ಅಲೆಕ್ಸ್ ವೆರ್ಸ್ಟಾಕ್. ಅದೇ ವರ್ಷ ಜರ್ನಲ್ ಪ್ರಕಟಿಸುವ ಎಲ್ಸೆವಿಯರ್ ಕಂಪನಿ, ಆಯ್ದ ಜರ್ನಲುಗಳ ಲೇಖನಗಳನ್ನು ಹುಡುಕಿಕೊಡುವ ಸ್ಕೋಪಸ್ ತಂದಿತು. ಹುಡುಕುವ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. ಯುಜೀನ್ ಗಾರ್ಫೀಲ್ಡ್ 1964ರಲ್ಲೇ ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ತೋರಿಸುವ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದಿದ್ದರು, ಇವತ್ತಿನ ವೆಬ್ ಆಫ್ ಸೈನ್ಸ್ ಅದರ ಮೊಮ್ಮಗ. ವೈದ್ಯಕೀಯದವರಿಗೆ 1996ರಿಂದ ಪಬ್‌ಮೆಡ್ ಇತ್ತು. ಆದರೆ ಯಾರು ಬೇಕಾದರೂ ದುಡ್ಡಿಲ್ಲದೆ, ಲಾಗಿನ್ ಇಲ್ಲದೆ, ಎಲ್ಲ ವಿಷಯವನ್ನೂ ಒಂದೇ ಕಡೆ ಹುಡುಕಬಹುದು ಅಂತ ಆದದ್ದು ಸ್ಕಾಲರ್‌ನಿಂದ.

ಆಗ ದೊಡ್ಡ ಪ್ರಕಾಶಕರಿಗೆ ಒಂದು ಉಭಯಸಂಕಟ. ದುಡ್ಡು ಕಟ್ಟಿದವರಿಗೆ ಮಾತ್ರ ತೆರೆಯುವ ಲೇಖನಗಳನ್ನು ಗೂಗಲ್‌ನ ಯಂತ್ರಕ್ಕೆ ಪುಕ್ಕಟೆಯಾಗಿ ಓದಲು ಬಿಡಬೇಕೋ ಬೇಡವೋ? ಬಿಡದಿದ್ದರೆ ಹುಡುಕಾಟದಲ್ಲಿ ಬರುವುದಿಲ್ಲ, ಬಿಟ್ಟರೆ ಮನೆಯ ಕೀಲಿ ಇನ್ನೊಬ್ಬರ ಕೈಯಲ್ಲಿ. ಹೆಚ್ಚಿನವರು ಬಿಟ್ಟರು. ಒಂದು ಒಪ್ಪಂದದಂತೆ ಆಯಿತು: ಒಳಗಿನದನ್ನೆಲ್ಲ ಯಂತ್ರ ಓದಬಹುದು, ಆದರೆ ಓದುಗನಿಗೆ ಕನಿಷ್ಠ ಸಾರಾಂಶವನ್ನಾದರೂ ಲಾಗಿನ್ ಕೇಳದೆ ತೋರಿಸಬೇಕು. ಇದು ಸಣ್ಣ ಬದಲಾವಣೆಯಲ್ಲ. ಅಂಗಡಿಯವನು ಸರಕನ್ನು ಹೊರಗೆ ತೂಗಿ ಹಾಕಿದ ಹಾಗೆ.

ಇದರಿಂದ ಅವರಿಗೆ ಲಾಭವೂ ಆಯಿತು. ಯಾವುದೋ ಕಾಲದ ಸಂಚಿಕೆಗಳಿಗೆ ಜೀವ ಬಂತು. ಸ್ಕಾಲರ್ ತಂಡದವರೇ 2014ರಲ್ಲಿ ಎರಡು ಅಧ್ಯಯನ ಪ್ರಕಟಿಸಿದರು. 2013ರಲ್ಲಿ ಬಂದ ಲೇಖನಗಳು ಮಾಡಿದ ಉಲ್ಲೇಖಗಳಲ್ಲಿ ಶೇ. 36ರಷ್ಟು ಕನಿಷ್ಠ ಹತ್ತು ವರ್ಷ ಹಳೆಯ ಲೇಖನಗಳಿಗೆ ಸೇರಿದ್ದವು ಅನ್ನುವುದು ಒಂದು. ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲಿ ಹೆಸರುವಾಸಿ ಜರ್ನಲುಗಳ ಆಚೆ ಬಂದವುಗಳ ಪಾಲು 1995ರಲ್ಲಿ ಶೇ. 14 ಇದ್ದದ್ದು 2013ಕ್ಕೆ ಶೇ. 24ಕ್ಕೆ ಏರಿತು ಅನ್ನುವುದು ಇನ್ನೊಂದು. ತನ್ನ ಬೆನ್ನು ತಾನೇ ತಟ್ಟಿಕೊಂಡಂತಿದೆ, ನಿಜ. ಆದರೂ ಮಾತಿನಲ್ಲಿ ಹುರುಳಿದೆ. ಹೆಸರಿಲ್ಲದ ಜರ್ನಲಿನ ಒಳ್ಳೆಯ ಲೇಖನವನ್ನು ಈಗ ದೂರದ ಯಾರೋ ಹುಡುಕಿ ಓದಬಹುದು, ಮೊದಲು ಅದು ಆಗುತ್ತಲೇ ಇರಲಿಲ್ಲ.

ನಷ್ಟ ಎಲ್ಲಿ ಅಂದರೆ, ಸ್ಕಾಲರ್‌ನಲ್ಲಿ ಎಷ್ಟೋ ಫಲಿತಾಂಶಗಳ ಬಲಗಡೆ ಒಂದು ಪಿಡಿಎಫ್ ಲಿಂಕ್ ಬರುತ್ತದಲ್ಲ, ಅಲ್ಲಿ. ಅದೇ ಲೇಖನದ ಬೇರೆ ಬೇರೆ ಪ್ರತಿಗಳನ್ನೆಲ್ಲ ಅದು ಒಂದೇ ಗುಂಪಿಗೆ ಹಾಕುತ್ತದೆ. ಲೇಖಕ ತನ್ನ ವಿಶ್ವವಿದ್ಯಾಲಯದ ಪುಟದಲ್ಲಿ ಹಾಕಿದ ಕರಡು, ಸಂಶೋಧಕರು ಲೇಖನ ಹಂಚಿಕೊಳ್ಳುವ ರಿಸರ್ಚ್‌ಗೇಟ್ ತಾಣಕ್ಕೆ ಏರಿಸಿದ ಪ್ರತಿ, ಹೀಗೆ. ಪ್ರಕಾಶಕ 40 ಡಾಲರ್ ಕೇಳುವ ಲೇಖನದ ಪಕ್ಕದಲ್ಲೇ ಅದೇ ಲೇಖನ ಪುಕ್ಕಟೆ ಸಿಕ್ಕರೆ ಯಾರು ದುಡ್ಡು ಕೊಡುತ್ತಾರೆ? 2017ರಲ್ಲಿ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ ಜರ್ಮನಿಯಲ್ಲಿ ರಿಸರ್ಚ್‌ಗೇಟ್ ಮೇಲೆ ಕೇಸು ಹಾಕಿದವು, 2023ರಲ್ಲಿ ರಾಜಿಯಾಯಿತು. ದುಡ್ಡು ಕಟ್ಟಿ ಓದಬೇಕಾದ ಲೇಖನಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ತಾಣದ ಕಥೆ ನಮ್ಮ ರಿಸರ್ಚ್ ಹುಡುಗರಿಗೆ ಬಾಯಿಪಾಠ. ಎಲ್ಸೆವಿಯರ್, ವೈಲಿ ಮತ್ತು ಅದೇ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟ್‌ನಲ್ಲಿ ಅದನ್ನು ಇಲ್ಲಿ ಬ್ಲಾಕ್ ಮಾಡಿ ಅಂತ ಕೋರ್ಟು ಆದೇಶ ಕೊಟ್ಟಿತು.

ಹಾಗಂತ ದೊಡ್ಡವರು ಬಡವರಾದರು ಅಂದುಕೊಳ್ಳಬೇಡಿ. ಎಲ್ಸೆವಿಯರ್‌ನ ಮಾತೃಸಂಸ್ಥೆಯ ಜರ್ನಲ್ ವ್ಯವಹಾರದ ವಿಭಾಗಕ್ಕೆ ನೂರು ರೂಪಾಯಿ ವ್ಯಾಪಾರಕ್ಕೆ ಮೂವತ್ತೈದಕ್ಕೂ ಹೆಚ್ಚು ಲಾಭ ಉಳಿಯುತ್ತದೆ. ಹುಬ್ಬಳ್ಳಿ, ಬೆಳಗಾವಿಯ ಯಾವ ಕಿರಾಣಿ ಸಾಹುಕಾರನನ್ನಾದರೂ ಕೇಳಿ, ಇಂಥ ಮಾರ್ಜಿನ್ ಕನಸಿನಲ್ಲೂ ಕಂಡಿರುವುದಿಲ್ಲ. ಓದುಗ ಹುಡುಕುವ ಪೆಟ್ಟಿಗೆ ಮುಂದೆ ಕೂತಿದ್ದಾನೆ ಅಂತ ಗೊತ್ತಾದ ಮೇಲೆ ಅವರು ಪೆಟ್ಟಿಗೆಯನ್ನೇ ಹಿಡಿದರು. ಸ್ಕೋಪಸ್ ಅವರದೇ. 2013ರಲ್ಲಿ ಸಂಶೋಧಕರು ಆಕರಗಳನ್ನು ಜೋಡಿಸಿಡಲು ಬಳಸುವ ಮೆಂಡೆಲಿ ಕೊಂಡರು, 2016ರಲ್ಲಿ ಕರಡು ಲೇಖನಗಳ ಎಸ್‌ಎಸ್‌ಆರ್‌ಎನ್ ಕೊಂಡರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಜರ್ನಲ್ ಮಾರುವವನೇ ಯಾವ ಜರ್ನಲ್ ಲೆಕ್ಕಕ್ಕೆ ಬರುತ್ತದೆ ಅನ್ನುವ ಪಟ್ಟಿಯನ್ನೂ ನಡೆಸುತ್ತಿದ್ದಾನೆ. ಯಾವುದನ್ನು ಸೇರಿಸಬೇಕು ಅನ್ನುವುದಕ್ಕೆ ಹೊರಗಿನ ವಿದ್ವಾಂಸರ ಸಮಿತಿ ಇದೆ, ಅಷ್ಟರ ಮಟ್ಟಿಗೆ ಸರಿ. ಆದರೆ ನಮ್ಮ ಕಡೆ ಬಡ್ತಿ ಸಂದರ್ಶನಕ್ಕೆ ಹೋಗಿ ಕೂತರೆ ಮೊದಲು ಬರುವ ಪ್ರಶ್ನೆ ಲೇಖನದಲ್ಲಿ ಏನಿದೆ ಅಂತಲ್ಲ, "ಸ್ಕೋಪಸ್‌ನ್ಯಾಗ ಐತೇನ್ರಿ?" ಅಂತ. ಒಂದು ಕಂಪನಿಯ ಸರಕಿನ ಹೆಸರು ಐಎಸ್‌ಐ ಮುದ್ರೆ ಥರ ಆಗಿಬಿಟ್ಟಿದೆ. ಸಂಶೋಧಕರ ವಾಟ್ಸಾಪ್ ಗ್ರೂಪುಗಳಲ್ಲಿ "ಸ್ಕೋಪಸ್ ಪಬ್ಲಿಕೇಶನ್, ಗ್ಯಾರಂಟಿ" ಅಂತ ಬರುವ ಮೆಸೇಜುಗಳಿಗೆ ಹುಟ್ಟು ಕೊಟ್ಟದ್ದು ಈ ಪ್ರಶ್ನೆಯೇ.

ಕನ್ನಡ ಜರ್ನಲ್ ಸ್ಕೋಪಸ್‌ಗೆ ಸೇರಬಹುದಾ? ಸೇರಬಹುದು, ಯಾವ ಭಾಷೆಯಾದರೂ ಅಡ್ಡಿಯಿಲ್ಲ. ಆದರೆ ತಲೆಬರಹ, ಸಾರಾಂಶ ಇಂಗ್ಲಿಷಿನಲ್ಲೂ ಇರಬೇಕು, ಕೊನೆಯ ಆಕರಗಳ ಪಟ್ಟಿ ರೋಮನ್ ಲಿಪಿಯಲ್ಲಿರಬೇಕು. ಅಂದರೆ ಬಸವಣ್ಣನ ವಚನದ ಮೇಲೆ ಕನ್ನಡದಲ್ಲಿ ಬರೆದು, ಕನ್ನಡ ಪುಸ್ತಕಗಳನ್ನೇ ಉಲ್ಲೇಖಿಸಿ, ಆ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಯಂತ್ರಕ್ಕೆ ಅನುಕೂಲವಾಗಲಿ ಅಂತ. ನಮ್ಮ ಮಂಡಳಿಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ಚಹಾ ಕಪ್ಪು ಕೆಳಗಿಟ್ಟು ಎದ್ದು ಹೋದರು.

ಯುಜಿಸಿಯ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಮೊದಲು ಒಪ್ಪಿತ ಜರ್ನಲುಗಳ ಒಂದು ಪಟ್ಟಿ ಮಾಡಿದರು. 2018ರ ಮೇ ತಿಂಗಳಲ್ಲಿ ಅದರಿಂದ 4,305 ಜರ್ನಲುಗಳನ್ನು ಒಂದೇ ಏಟಿಗೆ ತೆಗೆದರು. ಆಮೇಲೆ ಅದರ ಜಾಗಕ್ಕೆ ಕೇರ್ ಅನ್ನುವ ಹೊಸ ಪಟ್ಟಿ ಬಂತು, ನಮ್ಮಂಥ ಸಣ್ಣವರು ಅದರಲ್ಲಿ ಸೇರಲು ಒದ್ದಾಡಿದೆವು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿ, ಯಾವ ಜರ್ನಲ್ ಒಳ್ಳೆಯದು ಅಂತ ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದರು. ಕೇಳಲು ಚೆನ್ನಾಗಿದೆ. ಆದರೆ ಸಂಸ್ಥೆಗಳು ಏನು ನೋಡುತ್ತವೆ? ಮತ್ತೆ ಅದೇ ಸ್ಕೋಪಸ್, ಅದಿಲ್ಲದಿದ್ದರೆ ಸ್ಕಾಲರ್‌ನಲ್ಲಿ ಬರುತ್ತದಾ ಅಂತ. ಸ್ಕಾಲರ್‌ನಲ್ಲಿ ಬರುವುದು ಗುಣಮಟ್ಟದ ಗುರುತೇ ಅಲ್ಲ ಅಂತ ಯಾರಿಗೆ ಹೇಳೋಣ. ಅದು ಯಂತ್ರ, ಲೇಖನದ ಆಕಾರ ನೋಡಿ ಒಳಗೆ ಬಿಡುತ್ತದೆ. ಹೈದರಾಬಾದಿನ ಓಮಿಕ್ಸ್ ಕಂಪನಿಗೆ ಅಮೆರಿಕದ ಕೋರ್ಟು ಮೋಸದ ಜರ್ನಲುಗಳ ವಿಷಯದಲ್ಲಿ 2019ರಲ್ಲಿ 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕೆಂದಿತು. ಅಂಥ ಜರ್ನಲುಗಳು ಯಂತ್ರದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ದುಡ್ಡು ಮಾಡುವವರು ವೆಬ್‌ಸೈಟನ್ನು ಅಚ್ಚುಕಟ್ಟಾಗಿ ಇಟ್ಟಿರುತ್ತಾರೆ. ನಿಯತ್ತಾಗಿ ನಡೆಸುವ ನಮ್ಮಂಥವರದೇ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ ಅಂತ ಹುಡುಕಲು ನನಗೆ ಎರಡು ಭಾನುವಾರ ಬೇಕಾಯಿತು.

ಮೊದಲನೇ ತಪ್ಪು: ಇಡೀ ಸಂಚಿಕೆಯನ್ನು ಒಂದೇ ಪಿಡಿಎಫ್ ಮಾಡಿ ಹಾಕಿದ್ದೆವು. 180 ಪುಟ, 34 ಎಂಬಿ. ಒಂದು ಲೇಖನಕ್ಕೆ ಒಂದು ಫೈಲ್, ಅದೂ 5 ಎಂಬಿಗಿಂತ ಕಡಿಮೆ ಇರಬೇಕು ಅಂತ ಸ್ಕಾಲರ್ ತನ್ನ ನಿಯಮದಲ್ಲೇ ಬರೆದಿದೆ. ಮೊದಲ ಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ತಲೆಬರಹ, ಅದರ ಕೆಳಗೆ ಲೇಖಕರ ಹೆಸರು ಇರಬೇಕು. ನಮ್ಮದರಲ್ಲಿ ಮೊದಲ ಪುಟದಲ್ಲಿರುವುದು ಸಂಸ್ಥೆಯ ಅಧ್ಯಕ್ಷರ ಫೋಟೋ.

ಎರಡನೆಯದು, ಪುಟದ ಹಿಂದೆ ಯಂತ್ರ ಓದುವಂತೆ ಬರೆದಿಡುವ ಗುರುತುಗಳು. ಲೇಖನದ ಹೆಸರು, ಲೇಖಕರು, ಪ್ರಕಟವಾದ ದಿನ, ಪಿಡಿಎಫ್ ಎಲ್ಲಿದೆ ಅಂತ. ಓಪನ್ ಜರ್ನಲ್ ಸಿಸ್ಟಮ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಇವೆಲ್ಲ ತಾನಾಗಿಯೇ ಬರುತ್ತವೆ. ನಾವು ಕಾಲೇಜಿನ ವೆಬ್‌ಸೈಟಿನಲ್ಲಿ 'ಡೌನ್‌ಲೋಡ್ಸ್' ಅಂತ ಒಂದು ಪುಟ ಮಾಡಿ, ಟೈಮ್ ಟೇಬಲ್, ಟೆಂಡರ್ ನೋಟಿಸ್‌ಗಳ ನಡುವೆ ಜರ್ನಲನ್ನೂ ತುರುಕಿದ್ದೆವು.

ಇವೆರಡನ್ನೂ ಸರಿ ಮಾಡಬಹುದು. ಮೂರನೆಯದು ನಿಜವಾದ ಹೊಡೆತ. ಪಿಡಿಎಫ್ ತೆರೆದು ಕನ್ನಡದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿದೆ. 'ಕನ್ನಡ' ಅನ್ನುವ ಪದ ಇದ್ದ ಜಾಗದಲ್ಲಿ ಬಂದದ್ದು ಹೀಗೆ: ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಬೀಟಾ ಥರದ ಅಕ್ಷರ, ಒಂದು ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರಕ್ಕೆ ಸಿಗುವುದು ಈ ಕಲಸುಮೇಲೋಗರ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಹೀಗೇ. ಅದು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ ಹಾಗೆ. ಅಚ್ಚಿಗೆ ಏನೂ ತೊಂದರೆಯಿಲ್ಲ, ಹುಡುಕುವುದಕ್ಕೆ ಪೂರ್ತಿ ಕುರುಡು. ಆ ಹುಡುಗಿ ಯುನಿಕೋಡಿನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಕನ್ನಡವನ್ನು ಕನ್ನಡವೆಂದೇ ಓದುವ ಪದ್ಧತಿಯಲ್ಲಿ, 'ಮುಳುಗಡೆ' ಅಂತ ಹೊಡೆದರೆ, ನಮ್ಮ ಫೈಲಿನಲ್ಲಿ 'ಮುಳುಗಡೆ' ಅನ್ನುವ ಪದವೇ ಇಲ್ಲ!

ಇಪ್ಪತ್ತು ವರ್ಷದಿಂದ ನಮಗೆ ಪುಟ ಕಟ್ಟಿಕೊಡುವ ಡಿಟಿಪಿ ಅಂಗಡಿಯವರ ಹತ್ತಿರ ಹೋದೆ. "ಯುನಿಕೋಡ್‌ನ್ಯಾಗ ಮಾಡಿಕೊಡ್ರಿ" ಅಂದೆ. "ಆಗಂಗಿಲ್ರಿ ಸರ. ನಮ್ದು ಪೇಜ್‌ಮೇಕರು. ಯುನಿಕೋಡ್ ಹಾಕಿದ್ರ ಬರೇ ಪ್ರಶ್ನಾರ್ಥಕ ಚಿಹ್ನೆ ಬರ್ತಾವ" ಅಂದರು. ಅವರು ಹೇಳಿದ್ದು ಖರೆ, ಪೇಜ್‌ಮೇಕರ್ ಯುನಿಕೋಡ್ ಕಾಲಕ್ಕಿಂತ ಹಿಂದಿನದು. ಹೊಸ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಕಟ್ಟಬೇಕು, ಮದುವೆ ಕಾರ್ಡು ಮತ್ತು ಹ್ಯಾಂಡ್‌ಬಿಲ್ಲಿನ ವ್ಯಾಪಾರದಲ್ಲಿ ಅದು ಹೊರಡುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ. ವರ್ಷಕ್ಕೆ ಎರಡು ಸಂಚಿಕೆ ಮಾಡಿಸುವ ನಾವು ಅವರಿಗೆ ಎಷ್ಟು ದುಡ್ಡು ಕೊಡುತ್ತೇವೆ ಅಂತ ನನಗೆ ಗೊತ್ತಿದೆ.

ಹಾಗಾಗಿ ಹುಡುಕುವ ಯಂತ್ರಗಳು ಸಣ್ಣ ಪ್ರಕಾಶಕರಿಗೆ ವರ ಅನ್ನುವ ಮಾತು ಅರ್ಧ ಸತ್ಯ. ಇಂಗ್ಲಿಷಿನ ಸಣ್ಣ ಜರ್ನಲಿಗೆ ವರ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರು ದಾಳಿಂಬೆಯ ಮೇಲೆ ಇಂಗ್ಲಿಷಿನಲ್ಲಿ ಬರೆದರೆ ಬ್ರೆಜಿಲಿನವನೂ ಹುಡುಕಿ ಓದಬಹುದು. ಅದೇ ಊರಿನಲ್ಲಿ ಕನ್ನಡದಲ್ಲಿ ಬರೆದದ್ದು ಪಕ್ಕದ ಬೀಳಗಿಗೇ ಸಿಗುವುದಿಲ್ಲ. ಯಾರೂ ಬೇಕೆಂದು ಹೊರಗೆ ಇಟ್ಟದ್ದಲ್ಲ. ಅದಕ್ಕೇ ಜಗಳ ಆಡಲೂ ಯಾರೂ ಸಿಗುವುದಿಲ್ಲ.

ಇಷ್ಟರಲ್ಲಿ ಆಟ ಮತ್ತೆ ಬದಲಾಗುತ್ತಿದೆ. ಈಗ ಹುಡುಕಿದರೆ ಲಿಂಕುಗಳ ಬದಲು ಉತ್ತರವೇ ಬರುತ್ತದೆ. ಸ್ಕೋಪಸ್ ತನ್ನ ಎಐ ಸೇವೆಯನ್ನು 2024ರ ಜನವರಿಯಲ್ಲಿ ಶುರು ಮಾಡಿತು, ಗೂಗಲ್ ಸ್ಕಾಲರ್ ಕೂಡ 2025ರ ಕೊನೆಗೆ ಅಂಥದ್ದೇ ಪ್ರಯೋಗಕ್ಕೆ ಇಳಿಯಿತು. ಹತ್ತು ಲೇಖನ ಅರೆದು ಒಂದು ಪ್ಯಾರಾ ಕೊಟ್ಟರೆ, ಓದುವವನು ಪ್ರಕಾಶಕನ ಸೈಟಿಗೆ ಯಾಕೆ ಹೋಗುತ್ತಾನೆ? ಇದರ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಲೈಬ್ರರಿಯವರಿಗೆ ಗೊತ್ತು. ಚಂದಾ ಮುಂದುವರಿಸಬೇಕೋ ಬೇಡವೋ ಅಂತ ಅವರು ನಿರ್ಧರಿಸುವುದೇ ಎಷ್ಟು ಡೌನ್‌ಲೋಡ್ ಆಯಿತು ಅನ್ನುವ ಲೆಕ್ಕ ನೋಡಿ. ಕೌಂಟರ್ ಅನ್ನುವ ಎಣಿಕೆ ಪದ್ಧತಿ ಅದಕ್ಕೆಂದೇ ಇದೆ. ಸೈಟಿಗೆ ಬರುವವರು ಕಡಿಮೆಯಾದರೆ ಡೌನ್‌ಲೋಡ್ ಕಡಿಮೆ. ಒಂದು ಡೌನ್‌ಲೋಡಿಗೆ ಬಿದ್ದ ಖರ್ಚು ಏರುತ್ತದೆ, ಮರುವರ್ಷ ಕತ್ತರಿ ಬೀಳುತ್ತದೆ.

ದೊಡ್ಡವರು ಇದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಇನ್ನೊಂದು ದೊಡ್ಡ ಪ್ರಕಾಶನ ಟೇಲರ್ ಅಂಡ್ ಫ್ರಾನ್ಸಿಸ್‌ನ ಒಡೆಯರು 2024ರಲ್ಲಿ ಮೈಕ್ರೋಸಾಫ್ಟ್‌ಗೆ ಲೇಖನಗಳನ್ನು ಎಐ ಕೆಲಸಕ್ಕೆ ಬಳಸಲು ಕೊಟ್ಟು ಮೊದಲ ಕಂತಿಗೇ ಸುಮಾರು 1 ಕೋಟಿ ಡಾಲರ್ ಎಣಿಸಿದರು, ವೈಲಿಯೂ ಅದೇ ವರ್ಷ ಇಂಥ ವ್ಯಾಪಾರ ಮಾಡಿತು. ಲೇಖನ ಬರೆದವರಲ್ಲಿ ಎಷ್ಟೋ ಮಂದಿಗೆ ಅದು ಗೊತ್ತಾದದ್ದು ಪತ್ರಿಕೆ ಓದಿದ ಮೇಲೆ. ಇಂಡಿಯಾದಲ್ಲಂತೂ ಅವರಿಗೆ ಇನ್ನೊಂದು ಭದ್ರತೆ ಸಿಕ್ಕಿದೆ. ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲುಗಳು, 6,300 ಸರ್ಕಾರಿ ಸಂಸ್ಥೆಗಳಿಗೆ. ಸರ್ಕಾರಿ ವಿಶ್ವವಿದ್ಯಾಲಯದ ಹುಡುಗರಿಗೆ ಇದು ನಿಜಕ್ಕೂ ಅನುಕೂಲ, ಸುಮ್ನೆ ಹೀಗಳೆಯುವುದಿಲ್ಲ. ಆದರೆ ನಮ್ಮ ಕಡೆ ಖಾಸಗಿ ಸಂಘ ಸಂಸ್ಥೆಗಳ ಕಾಲೇಜುಗಳೇ ಜಾಸ್ತಿ ಅಲ್ವಾ? ಖಾಸಗಿಯವರು ಈ ಹಂತದಲ್ಲಿ ಹೊರಗೆ. ಆ 6,000 ಕೋಟಿಯಲ್ಲಿ ಚೂರು ಪಾಲು ಇಲ್ಲಿನ ಭಾಷೆಗಳ ಹಳೆಯ ಸಂಚಿಕೆಗಳನ್ನು ಯುನಿಕೋಡ್ ಮಾಡಲು ಇಟ್ಟಿದ್ದರೆ ಅನ್ನುವುದು ನನ್ನ ಹೊಟ್ಟೆಕಿಚ್ಚು.

ಪೆಟ್ಟಿಗೆಯ ಮಾಲೀಕ ಬೇಸರವಾದರೆ ಅಂಗಡಿ ಮುಚ್ಚಿ ಹೋಗಬಹುದು ಅನ್ನುವುದೂ ನೆನಪಿರಲಿ. ಸ್ಕಾಲರ್ ಥರದ್ದೇ ಆಗಿದ್ದ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಬಾಗಿಲು ಹಾಕಿತು. ಅದರ ಮಾಹಿತಿ ಆಧರಿಸಿ 2022ರಲ್ಲಿ ಓಪನ್ಅಲೆಕ್ಸ್ ಹುಟ್ಟಿತು. ಇದು ಲಾಭಕ್ಕಲ್ಲದ ಸಂಸ್ಥೆಯದು, ಇದರ ಮಾಹಿತಿ ಯಾರು ಬೇಕಾದರೂ ಬಳಸಬಹುದು. ನನಗೆ ಸ್ವಲ್ಪ ಭರವಸೆ ಇರುವುದು ಇಂಥದರ ಮೇಲೆ.

ನಾವೀಗ ಏನು ಮಾಡುತ್ತಿದ್ದೇವೆ ಅಂದರೆ, ಬಿ.ಎ. ಓದುವ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಹಳೆಯ ಫೈಲುಗಳನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡಿಗೆ ತರುತ್ತಿದ್ದೇವೆ. ಅರ್ಕಾವತ್ತು ಬಂದಲ್ಲೆಲ್ಲ ಎಡವುತ್ತದೆ, 'ಧರ್ಮ' ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ, ಕಣ್ಣಿಟ್ಟು ತಿದ್ದಬೇಕು. 2011ರ ಸಂಚಿಕೆ ಮೊದಲು ಮುಗಿಸಿದೆವು. ಅದಕ್ಕಿಂತ ಹಿಂದಿನವು ಸಿಡಿಯಲ್ಲಿವೆ, ಅರ್ಧ ಸಿಡಿ ತೆರೆಯುವುದೇ ಇಲ್ಲ. ಹೋದ ತಿಂಗಳು ಆ ಹುಡುಗಿಯ ಫೋನ್ ಬಂತು. "ಸರ್ರ, ಬಂತ್ರಿ! ಮುಳುಗಡೆ ಅಂತ ಹೊಡದ್ರ ಮೊದಲ್ನೇದೇ ಬರ್ತದ. ಆದ್ರ ಲೇಖಕರ ಹೆಸರಿನ ಜಾಗದಾಗ ನಿಮ್ಮ ಕಾಲೇಜಿನ ಹೆಸರು ಐತ್ರಿ." ವೆಬ್‌ಸೈಟಿನಲ್ಲಿ ಲೇಖನದ ವಿವರದ ಫಾರ್ಮ್ ತುಂಬಿದ್ದು ನಾನೇ. ತಿದ್ದಿದ್ದೇನೆ. ಒಮ್ಮೆ ಸೇರಿದ್ದನ್ನು ಸ್ಕಾಲರ್ ಮತ್ತೆ ಓದಿ ಸರಿಪಡಿಸಲು ಆರರಿಂದ ಒಂಬತ್ತು ತಿಂಗಳು, ಕೆಲವು ಸಲ ವರ್ಷವೇ ಹಿಡಿಯುತ್ತದಂತೆ. ಅಲ್ಲಿಯವರೆಗೆ ಆ ಹದಿನಾಲ್ಕು ಪುಟ ಬರೆದದ್ದು ನಮ್ಮ ಕಾಲೇಜು.